ತಳ ಮುಟ್ಟಬಾರದು

ಮನುಷ್ಯನಿಗೆ ಶಿಸ್ತು ತಡವಾಗಿ ಬಂದರೆ ಜ್ವರದ ಹಾಗೆ ತಲೆಗೇರುತ್ತದೆ. ಇದನ್ನು ನಾನು ನನ್ನನ್ನು ನೋಡಿಯೇ ಕಲಿತೆ. ಐವತ್ತರ ದಶಕದಲ್ಲಿ ಹುಣಸೂರಿನಲ್ಲಿ ನನ್ನದೊಂದು ರೇಡಿಯೋ ಕಾರ್ಖಾನೆ ಇತ್ತು. ಕಾರ್ಖಾನೆ ಎಂದರೆ ನಮ್ಮ ಮನೆಯ ಪಡಸಾಲೆ. ಮೈಸೂರಿನಿಂದ ಬಿಡಿಭಾಗ ತಂದು ನಾನು ಜೋಡಿಸುತ್ತಿದ್ದೆ. ಮರದ ಪೆಟ್ಟಿಗೆ ಮಾಡಿಕೊಡುತ್ತಿದ್ದವರು ಪಕ್ಕದ ಬೀದಿಯ ಗೌಸ್ ಸಾಹೇಬರು. ಗಾಜಿನ ಬುರುಡೆಯಂಥ ದುಬಾರಿ ವಾಲ್ವುಗಳನ್ನು ಬೀರುವಿನಲ್ಲಿಟ್ಟು, ಕೀಲಿಕೈಯನ್ನು ಉಡಿದಾರಕ್ಕೆ ಕಟ್ಟಿಕೊಂಡು ಓಡಾಡುತ್ತಿದ್ದೆ. ಪುಡಿಗಾಸಿನ ರೆಸಿಸ್ಟರುಗಳು ಎಲ್ಲೆಂದರಲ್ಲಿ ಬಿದ್ದಿರುತ್ತಿದ್ದವು. ಹಾಗಾಗಿ ಬೀರು ತುಂಬ ವಾಲ್ವು ಇದ್ದರೂ, ಕಡಲೆಬೀಜದಷ್ಟಿರುವ ಒಂದು ರೆಸಿಸ್ಟರ್ ಸಿಗದೆ ಕೆಲಸ ವಾರಗಟ್ಟಲೆ ನಿಂತುಬಿಡುತ್ತಿತ್ತು.

ಒಂದು ದಿನ ನನ್ನ ಹೆಂಡತಿ ಗೌರ ರೇಗಿ, ಎಲ್ಲವನ್ನೂ ಅಡುಗೆಮನೆಯ ಹಳೆ ಡಬ್ಬಗಳಿಗೆ ತುಂಬಿದಳು. ಬೆಲೆ ನೋಡಲಿಲ್ಲ, ಯಾವುದಿಲ್ಲದಿದ್ದರೆ ಕೆಲಸ ನಿಲ್ಲುತ್ತದೆ ಎಂದು ಕೇಳಿ ಕೇಳಿ ವಿಂಗಡಿಸಿದಳು. ಅಕ್ಕಿ ಮಡಕೆ ಬರಿದಾಗಬಾರದೆಂದು ನಮ್ಮ ಕಡೆಯ ಹೆಂಗಸರು ತಳದಲ್ಲಿ ಒಂದು ಹಿಡಿ ಉಳಿಸುತ್ತಾರಲ್ಲ, ಹಾಗೆ ಪ್ರತಿ ಡಬ್ಬದ ತಳದಲ್ಲೂ ಒಂದಿಷ್ಟನ್ನು ಬಟ್ಟೆಯಲ್ಲಿ ಗಂಟು ಕಟ್ಟಿಟ್ಟಳು. ಗಂಟು ಕಂಡರೆ ನಾನು ಮರುದಿನವೇ ಮೈಸೂರು ಬಸ್ಸು ಹತ್ತಬೇಕು. ಕೆಲಸ ನಿಲ್ಲುವುದು ತಪ್ಪಿತು. ನನಗೋ ಆ ಗಂಟುಗಳ ಮೇಲೆ ದೇವರಿಗಿಂತ ಹೆಚ್ಚು ಭಕ್ತಿ ಹುಟ್ಟಿತು.

ಗೌಸ್ ಸಾಹೇಬರ ತಾಯಿಗೆ ಕಣ್ಣು ಹೋಗಿತ್ತು. ಶಹನಾಯಿ ಹಿಡಿದು ಊರು ಬಿಟ್ಟಿದ್ದ ಆಕೆಯ ಕಿರಿಯ ಮಗ, ಅಂದರೆ ಸಾಹೇಬರ ತಮ್ಮ, ಒಂದು ಸಂಜೆ ರೇಡಿಯೋದಲ್ಲಿ ನುಡಿಸುವವನಿದ್ದ. ಆ ಮನೆಗೆಂದೇ ನಾನು ಜೋಡಿಸಿದ್ದ ರೇಡಿಯೋದಲ್ಲಿ ಅಂದೇ ಮಧ್ಯಾಹ್ನ ಒಂದು ರೆಸಿಸ್ಟರ್ ಸುಟ್ಟುಹೋಯಿತು. ಡಬ್ಬದಲ್ಲಿ ಗಂಟು ಮಾತ್ರ ಉಳಿದಿತ್ತು. ತಳ ಮುಟ್ಟುವ ಹಾಗಿಲ್ಲ, ನಾಳೆ ಮೈಸೂರಿನಿಂದ ತರುತ್ತೇನೆ ಎಂದುಬಿಟ್ಟೆ. ಸಾಹೇಬರು ತಾವೇ ಮಾಡಿದ ಪೆಟ್ಟಿಗೆಯನ್ನು ಹೆಗಲ ಟವಲಿನಿಂದ ಒರೆಸುತ್ತ ನಿಂತರು. ಗೌರ ಒಳಗಿನಿಂದ ಬಂದು ಗಂಟು ಬಿಚ್ಚಿದಳು.

“ನೆಂಟ್ರು ಬಂದ್ರೆ ತಳದ ಅಕ್ಕೀನೂ ಬೇಯ್ಸಲ್ವಾ? ಹಾಕ್ರೀ ಸುಮ್ಕೆ.”

ಸಂಜೆ ಸಾಹೇಬರ ಮನೆಯಲ್ಲಿ ಶಹನಾಯಿ ಕೇಳಿಸಿತು. ಅಜ್ಜಿ ಪೆಟ್ಟಿಗೆಯ ಮೇಲೆ ಅಂಗೈ ಇಟ್ಟುಕೊಂಡು ಕೂತಿದ್ದರು. ಇವನಿಗೆ ನೆಗಡಿಯಾಗಿದೆ, ಉಸಿರು ಕಟ್ಟುತ್ತಿದೆ ಎಂದು ನಡುವೆ ಒಮ್ಮೆ ಗೊಣಗಿದರು. ಮುಗಿದ ಮೇಲೆ ನನ್ನ ಕಡೆ ತಿರುಗಿದರು.

“ನಿನ್ ತಾವ ಯಾವ್ದೂ ಇಲ್ಲ ಅನ್ನಂಗಿಲ್ವಂತಲ್ಲಪ್ಪಾ. ಅದ್ನೇ ಇನ್ನೊಂದ್ ಕಿತ ಹಾಕು.”

ಯಾವ ಸಾಮಾನು ಯಾವ ಬಸ್ಸಿಗೆ ಬರುತ್ತದೆಂದು ಬಾಯಿಪಾಠ ಒಪ್ಪಿಸುತ್ತಿದ್ದ ನಾನು, ಇದು ತರಿಸುವ ಸಾಮಾನಲ್ಲ ಎಂದು ಹೇಳಲಾರದೆ, ಹುಡುಕಿದರೆ ಸಿಕ್ಕೀತೇನೋ ಎಂಬಂತೆ ರೇಡಿಯೋದ ಗುಂಡಿ ತಿರುಗಿಸುತ್ತ ಕೂತೆ.