ಬಾಗಿಲು ಮುಚ್ಚಿ ತೊಳಸಿದ ಹಿಟ್ಟು

ಫಜೀತಿಗಳಿಗೆ ನಮ್ಮ ಮನೆ ದಾರಿ ತೋರಿಸಿದ ಪುಣ್ಯಾತ್ಮ ಯಾರೋ ಗೊತ್ತಿಲ್ಲ. ಒಂದು ಹೊರಡೋಕೆ ಚಪ್ಪಲಿ ಮೆಟ್ಟುವಷ್ಟರಲ್ಲಿ ಇನ್ನೊಂದು ಬಾಗಿಲಲ್ಲಿ ಚಪ್ಪಲಿ ಬಿಡುತ್ತಿರುತ್ತೆ. ಅದರಲ್ಲೂ ನಾನು ಅಡುಗೆ ಕಲಿಯೋಕೆ ಹೊರಟ ತಿಂಗಳಿದೆಯಲ್ಲ, ಆಗ ಅವು ನಮ್ಮ ಅಡುಗೆಮನೆಯಲ್ಲೇ ಬಿಡಾರ ಹೂಡಿದ್ದವು.

ನಾನು ಹಳೇಬೀಡಿನಲ್ಲಿ ಗೈಡು. ದೇವಸ್ಥಾನದ ಗೋಡೆ ಮೇಲಿರೋ ಆನೆ, ಕುದುರೆ, ಬಳ್ಳಿ, ಮಕರ ಎಲ್ಲದರ ಕಥೆಯನ್ನೂ ಕನ್ನಡದಲ್ಲಿ, ಹಿಂದಿಯಲ್ಲಿ, ಅರ್ಧಂಬರ್ಧ ಇಂಗ್ಲಿಷಿನಲ್ಲಿ ಹೇಳಬಲ್ಲೆ. ಸೀಸನ್ನಿನಲ್ಲಿ ಬೇಲೂರಿಗೂ ಹೋಗಿ ಗಂಟಲು ಹರಿದುಕೊಂಡು ಬರುತ್ತೇನೆ. ದೇವರು ನನಗೆ ಬಾಯಿ ಕೊಡುವಾಗ ಧಾರಾಳವಾಗಿ ಕೊಟ್ಟ, ಕೈ ಕೊಡೋ ಹೊತ್ತಿಗೆ ಸಾಮಾನು ಮುಗಿದಿತ್ತು ಅಂತ ನನ್ನ ಹೆಂಡತಿ ಹೇಳುತ್ತಾಳೆ. ನಲವತ್ತೈದು ದಾಟಿದರೂ ನಾನು ಒಲೆ ಹಚ್ಚಿದ್ದು ಬೀಡಿ ಹೊತ್ತಿಸೋಕೆ ಮಾತ್ರ. ಆಮೇಲೆ ಅವಳು ಬೀಡಿಯನ್ನೂ ಬಿಡಿಸಿದಳು.

ಅವ್ವನ ಷರತ್ತು

ನನ್ನ ಹೆಂಡತಿ ಮೇಡಂ. ಪಕ್ಕದ ಹಳ್ಳಿಯ ಶಾಲೆಯಲ್ಲಿ ವರ್ಷಗಟ್ಟಲೆ ಅಆಇಈ ತಿದ್ದಿಸಿದ ಮೇಲೆ ಅವಳಿಗೆ ಹೆಡ್‌ಮೇಡಂ ಆಗೋ ಯೋಗ ಬಂತು. ಆದರೆ ಬಾಣಾವರದ ಕಡೆ. ಬೆಳಗಿನ ಮೊದಲ ಬಸ್ಸಿಗೆ ಹೊರಟು, ಜಾವಗಲ್ ದಾಟಿ ಹೋಗಿ, ದೀಪ ಹಚ್ಚೋ ಹೊತ್ತಿಗೆ ವಾಪಸ್ಸು ಬರಬೇಕು. ಆ ತಿಂಗಳ ಕೊನೆಯೊಳಗೆ ಹೂಂ ಅಂತಲೋ ಉಹೂಂ ಅಂತಲೋ ಹೇಳಬೇಕು. ಉಹೂಂ ಅಂದರೆ ಮುಗೀತು, ಕುರ್ಚಿ ಇನ್ನೊಬ್ಬರದ್ದು.

ಅವಳ ಮುಖದಲ್ಲಿ ಅಂಥ ಕಳೆ ನಾನು ನಮ್ಮ ಮದುವೆಯಲ್ಲೂ ಕಂಡಿರಲಿಲ್ಲ. ನಮ್ಮವ್ವ ಅದನ್ನ ಒಂದೇ ಮಾತಿನಲ್ಲಿ ಆರಿಸಿದಳು.

"ನೀನು ಬಾಣಾವರಕ್ಕೆ ಹೋದ್ರೆ ಮಧ್ಯಾಹ್ನ ನಮಗೆ ಹಿಟ್ಟು ಯಾರವ್ವ ಇಕ್ತಾರೆ?"

ಹಿಟ್ಟು ಅಂದರೆ ನಮ್ಮ ಕಡೆ ರಾಗಿಮುದ್ದೆ, ಅದನ್ನ ಕೋಲಿನಲ್ಲಿ ತಿರುವಿ ತೊಳಸಬೇಕು. ಅದಿಲ್ಲದ ಊಟ ನಮ್ಮವ್ವನ ಲೆಕ್ಕದಲ್ಲಿ ಊಟವೇ ಅಲ್ಲ. ಅವಳ ಕೈಯ ಹಿಟ್ಟಿಗೆ ಹಳೇಬೀಡಿನಿಂದ ಅವಳ ತವರು ಹಗರೆವರೆಗೂ ದೊಡ್ಡ ಹೆಸರು. ಬೆಣ್ಣೆಯಂಗೆ, ಒಂದು ಗಂಟಿಲ್ಲ ಅನ್ನೋರು. ಆದರೆ ಸೊಸೆ ಹೊಸ್ತಿಲು ದಾಟಿದ ದಿನವೇ ಹಿಟ್ಟಿನ ಕೋಲನ್ನ ಅವಳ ಕೈಗೆ ಕೊಟ್ಟು, "ಇನ್ನು ನಿಂದು ಕಣವ್ವ" ಅಂದವಳು ಮತ್ತೆ ಅದನ್ನ ಮುಟ್ಟಿಲ್ಲ.

"ನಾನು ಮಾಡ್ತೀನಿ ಬಿಡವ್ವ" ಅಂದೆ ನಾನು. ಬಾಯಿ ಇದೆಯಲ್ಲ!

ಅವ್ವ ನಕ್ಕ ರಭಸಕ್ಕೆ ಬಾಯಲ್ಲಿದ್ದ ಎಲೆಅಡಿಕೆ ಆಚೆ ಬಂತು. "ನಿಮ್ಮಪ್ಪ ಇರೋಗಂಟ ಅಡುಗೆಮನೆ ಹೊಸ್ತಿಲು ತುಳಿದೋರಲ್ಲ. ಅವರ ಹೊಟ್ಟೇಲಿ ಹುಟ್ಟಿ ನೀನು ಹಿಟ್ಟು ತೊಳಸ್ತೀಯೇನ್ಲಾ?"

ಅದು ನಿಜ. ನಮ್ಮಪ್ಪನಿಗೆ ಅಂಗೈ ಅಗಲ ಮೀಸೆ. ಅಡುಗೆಮನೆಗೆ ಹೋಗೋ ಗಂಡಸಿಗೆ ಮೀಸೆ ಯಾಕೆ ಬೇಕು ಅಂತ ಜಗಲಿ ಮೇಲೆ ಕೂತು ಊರಿಗೆಲ್ಲ ಬುದ್ಧಿ ಹೇಳೋರು. ಮನೆಗೆಲಸ ಅಂತ ಅವರು ಮಾಡುತ್ತಿದ್ದದ್ದು ಒಂದೇ: ಊಟಕ್ಕೆ ಮುಂಚೆ ಹಿತ್ತಲಿಗೆ ಹೋಗಿ ಎಮ್ಮೆ ನೋಡಿಕೊಂಡು ಬರೋದು. ಒಂದು ದಿನವೂ ತಪ್ಪಿಸುತ್ತಿರಲಿಲ್ಲ. ಎಮ್ಮೆ ಮೇಲೆ ಅಷ್ಟು ಪ್ರೀತಿ ಇತ್ತು ಅವರಿಗೆ.

ಕೊನೆಗೆ ಅವ್ವ ಷರತ್ತು ಹಾಕಿದಳು. "ನಾನು ಹಗರೆಗೆ ಅಣ್ಣನ ಮನೆಗೆ ಹೋಗಿ ಬತ್ತೀನಿ. ಬಂದ ದಿನ ಗಂಟಿಲ್ದಂಗೆ ಹಿಟ್ಟು ತೊಳಸಿ ನನ್ನ ತಟ್ಟೆಗೆ ಹಾಕು. ಆಮೇಲೆ ಅವಳು ಬಾಣಾವರಕ್ಕಾದ್ರೂ ಹೋಗ್ಲಿ, ಡೆಲ್ಲಿಗಾದ್ರೂ ಹೋಗ್ಲಿ."

ಅವ್ವನ ಎದುರು ನಿಂತು ಜಗಳ ಆಡಿ ಹೋಗೋಳಲ್ಲ ನನ್ನ ಹೆಂಡತಿ. ಒಳಗೆ ಹೋಗಿ ಹಿಟ್ಟಿನ ಕೋಲು ತಂದು ನನ್ನ ಕೈಗಿಟ್ಟಳು. "ರೀ, ನನ್ನ ಕುರ್ಚಿ ಇದರ ಮೇಲೆ ನಿಂತಿದೆ" ಅಂದಳು.

ಏಕಶಿಲೆ

ಹಿಟ್ಟು ತೊಳಸೋಕೆ ನಮ್ಮ ಮನೆಯಲ್ಲೊಂದು ಕಟ್ಟಳೆ ಇತ್ತು. ತೊಳಸುವಾಗ ಯಾರೂ ನೋಡಬಾರದು, ದೃಷ್ಟಿ ತಾಕಿದರೆ ಗಂಟು ಕಟ್ಟುತ್ತೆ. ನಾವು ಚಿಕ್ಕವರಿದ್ದಾಗ ಆ ಹೊತ್ತಿಗೆ ಅವ್ವ ನಮ್ಮನ್ನೆಲ್ಲ ಆಚೆಗಟ್ಟಿ ಅಡುಗೆಮನೆ ಬಾಗಿಲಿಗೆ ಅಗಳಿ ಹಾಕೋಳು. ನಾನೂ ಹಾಗೇ ಮಾಡಿದೆ. ಹೆಂಡತಿ, "ನಾನು ಪಕ್ಕದಲ್ಲಿ ನಿಂತು ಹೇಳಿಕೊಡ್ತೀನಿ ಕಣ್ರೀ, ನಾನು ಎಂದೂ ಬಾಗಿಲು ಹಾಕಿಲ್ಲ" ಅಂದಳು. "ಅದಕ್ಕೇ ನಿನ್ನ ಹಿಟ್ಟು ಅವ್ವನಷ್ಟು ಹೆಸರು ಮಾಡಿಲ್ಲ" ಅಂತ ಅವಳನ್ನೂ ಆಚೆ ಕಳಿಸಿ ಅಗಳಿ ಹಾಕಿ ಅವ್ವನಿಗೆ ಫೋನು ಮಾಡಿದೆ.

"ಅವ್ವ, ನೀರು ಎಷ್ಟಿಡಬೇಕು?"

"ಹಿಟ್ಟು ಕೇಳ್ದಷ್ಟು."

"ಹಿಟ್ಟು ಎಷ್ಟು ಹಾಕ್ಬೇಕು?"

"ನೀರು ಹಿಡಿಸ್ದಷ್ಟು."

"ಎಷ್ಟು ಹೊತ್ತು ತೊಳಸ್ಬೇಕು?"

"ಹದ ಬರೋಗಂಟ."

"ಹದ ಬಂತು ಅಂತ ಹೆಂಗೆ ಗೊತ್ತಾಗ್ತದೆ?"

"ತೊಳಸೋರಿಗೆ ಗೊತ್ತಾಗ್ತದೆ ಕಣ್ಲಾ! ನನ್ನೇನು ಕೇಳ್ತೀಯ?" ಅಂತ ರೇಗಿ ಫೋನಿಟ್ಟಳು.

ನಾನು ಹಿಟ್ಟನ್ನ ಏನೂ ಕೇಳಲಿಲ್ಲ, ಇದ್ದಷ್ಟೂ ಸುರಿದೆ. ಕೋಲು ಹಾಕಿ ಒಂದು ಸುತ್ತು ತಿರುವಿದೆ. ಎರಡನೇ ಸುತ್ತಿಗೆ ಕೋಲು ನಿಂತಿತು, ಪಾತ್ರೆ ತಿರುಗಿತು. ಪಾತ್ರೆ ಹಿಡಿದುಕೊಂಡರೆ ನಾನೇ ತಿರುಗೋ ಹಾಗಾಯ್ತು. ತಳ ಹತ್ತಿ ಹೊಗೆ ಎದ್ದಿತು. ಕೆಮ್ಮು ತಡೀಲಾರದೆ ಅಗಳಿ ತೆಗೆದಾಗ ಹೆಂಡತಿ ಬಾಗಿಲಲ್ಲೇ ನಿಂತಿದ್ದಳು. ನಾನು ಕೋಲು ಎತ್ತಿದೆ. ಕೋಲಿನ ಜೊತೆ ಹಿಟ್ಟು, ಹಿಟ್ಟಿನ ಜೊತೆ ಪಾತ್ರೆ, ಮೂರೂ ಒಟ್ಟಿಗೆ ಮೇಲೆ ಬಂದವು.

ಅವಳು ಅದರ ಸುತ್ತ ಒಂದು ಪ್ರದಕ್ಷಿಣೆ ಬಂದು ಕೇಳಿದಳು: "ಗೈಡ್ ಸಾರ್, ಇದನ್ನೂ ಒಂದೇ ಕಲ್ಲಲ್ಲಿ ಕೆತ್ತಿದ್ದಾ?"

ಗೋಡೆಯಾಚೆಯ ಕೂಗು

ಹಿಟ್ಟು ಬಾರದಿದ್ದರೆ ಹೋಗಲಿ, ಸಾರಾದರೂ ಕಲೀರಿ ಅಂತ ಹೆಂಡತಿ ಕುಕ್ಕರು ಕೊಟ್ಟಳು. "ಬೇಳೆ ಹಾಕಿದ್ದೀನಿ. ಮೂರು ಕೂಗು ಕೂಗಿದ ಮೇಲೆ ಆರಿಸಿ. ಎಳೇ ಮಗುನೂ ಮಾಡುತ್ತೆ."

ನಮ್ಮದು ಸಾಲುಮನೆ. ನಮಗೂ ಪಕ್ಕದ ಮನೆಗೂ ನಡುವೆ ಇರೋದು ಒಂದೇ ಗೋಡೆ, ಅದೂ ನಾಮಕಾವಸ್ತೆ. ಅವರ ಮನೆಯಲ್ಲಿ ಸೀನಿದರೆ ನಮ್ಮನೆಯಲ್ಲಿ "ನೂರು ವರ್ಷ ಬಾಳು" ಅಂತೀವಿ. ನಾನು ಪೇಪರು ಹಿಡಿದುಕೊಂಡು ನಡುಮನೆಯಲ್ಲಿ ಕೂತೆ. ಒಂದು ಕೂಗಿತು. ಎರಡು ಕೂಗಿತು. ಮೂರು. ಎದ್ದು ಹೋಗಿ ಆರಿಸಿದೆ. ಮಧ್ಯಾಹ್ನ ಬೇಳೆ ಹಲ್ಲಿಗೆ ಸಿಕ್ಕಿದರೆ ಜಲ್ಲಿಕಲ್ಲು ಅಗಿದಂತೆ ಸದ್ದು.

ಮಾರನೇ ದಿನವೂ ಅದೇ ಕತೆ. ಬೇಳೆ ಕೊಟ್ಟ ಅಂಗಡಿಯವನ ಜೊತೆ ಜಗಳ ಆಡಿ ಬಂದೆ. "ಏನಯ್ಯಾ, ಎಂಥ ಬೇಳೆ ಕೊಟ್ಟಿದ್ದೀಯ, ಮೂರು ಕೂಗಿಗೂ ಬೇಯಲ್ವಲ್ಲ!" ಅವನು ತೆಪ್ಪಗೆ ಬೇರೆ ಬೇಳೆ ಕೊಟ್ಟ. ಅದೂ ಬೇಯಲಿಲ್ಲ.

ಮೂರನೇ ದಿನ ಮೂರನೇ ಕೂಗಿಗೆ ನಾನು ಎದ್ದೆ. ಗೋಡೆಯಾಚೆಯಿಂದ ಪಕ್ಕದ ಮನೆಯಾಕೆ ಕಿರುಚಿದಳು: "ಅಣ್ಣಾ, ಕೂತ್ಕೊಳ್ಳಣ್ಣಾ! ಕೂಗಿದ್ದು ನಮ್ದು. ನಿಂದಿನ್ನೂ ಬಾಯೇ ಬಿಟ್ಟಿಲ್ಲ!"

ತೆಂಗಿನಮರದ ಊಟ

ಒಂದು ಬೆಳಗ್ಗೆ ಹೆಂಡತಿ ಶಾಲೆಗೆ ಹೊರಡುವಾಗ, "ಸೊಪ್ಪೂ ಬೇಳೇನೂ ಒಟ್ಟಿಗೆ ಬೇಯಿಸಿ ಬಸಿದಿಟ್ಟಿರಿ. ಸಾಯಂಕಾಲ ಬಂದು ಬಸ್ಸಾರು ಮಾಡ್ತೀನಿ" ಅಂದಳು. ಬಸ್ಸಾರು ಅಂದರೆ ನನಗೆ ಪ್ರಾಣ. ಉತ್ಸಾಹದಲ್ಲಿ ಸೊಪ್ಪು ಬಿಡಿಸಿದೆ, ಬೇಯಿಸಿದೆ, ಕೈ ಸುಟ್ಟುಕೊಂಡರೂ ಬಿಡದೆ ನೀಟಾಗಿ ಬಸಿದೆ. ಈ ಸಲ ಕೂಗೂ ನಮ್ಮ ಕುಕ್ಕರಿನದೇ.

ಸಂಜೆ ಅವಳು ತಟ್ಟೆ ತೆಗೆದು ಸೊಪ್ಪು ನೋಡಿ ಖುಷಿಪಟ್ಟಳು. "ಪರವಾಗಿಲ್ವೇ! ಹದವಾಗಿ ಬೆಂದಿದೆ. ಬಸಿದ ನೀರೆಲ್ಲಿ?"

"ಚೆಲ್ಲಿದೆ."

"ಎಲ್ಲಿಗೆ?"

"ಹಿತ್ತಲ ತೆಂಗಿನಮರದ ಬುಡಕ್ಕೆ. ವ್ಯರ್ಥ ಯಾಕೆ ಮಾಡೋದು ಅಂತ."

ಅವಳು ಹಣೆಗೆ ಕೈಹಚ್ಚಿ ಕೂತಳು. ಬಸ್ಸಾರು ಆಗೋದೇ ಬಸಿದ ನೀರಿನಿಂದ ಅನ್ನೋದು ನನಗೆ ಯಾರೂ ಹೇಳಿರಲಿಲ್ಲ. ಇಷ್ಟು ವರ್ಷ ಸೊರಸೊರ ಕುಡಿದಿದ್ದೆನೇ ಹೊರತು ಅದು ಎಲ್ಲಿಂದ ಬರುತ್ತೆ ಅಂತ ಕೇಳಿದವನಲ್ಲ.

ಆಮೇಲೆ ಎದ್ದು ನನ್ನ ತಟ್ಟೆ ಕೈಗೆ ಕೊಟ್ಟಳು. "ಹೋಗಿ, ಇವತ್ತು ತೆಂಗಿನಮರದ ಪಂಕ್ತೀಲಿ ಕೂತ್ಕೊಳ್ಳಿ. ಸಾರು ಅದಕ್ಕೇ ಬಡಿಸಿದ್ದೀರಲ್ಲ."

ಹೊಯ್ಸಳರ ಕಾಲದ ನೃತ್ಯ

ಅವ್ವ ಬರೋ ಭಾನುವಾರ ಹತ್ತಿರ ಬಂತು. ದಿನಾ ತೊಳಸಿ ಮತ್ತೆ ಕೈ ಸುಟ್ಟುಕೊಂಡರೂ ನನ್ನ ಹಿಟ್ಟಿನಲ್ಲಿ ಗಂಟು ಹೋಗಲಿಲ್ಲ, ಹೆಂಡತಿಯ ಕಣ್ಣಲ್ಲಿ ಕಳೆ ಉಳಿಯಲಿಲ್ಲ. ಅದನ್ನ ನೋಡಿದರೆ ನನಗೆ ಸಂಕಟವಾಗೋದು. ಆ ಹೊತ್ತಿಗೆ ಮಂಡ್ಯದ ಕಡೆಯಿಂದ ಒಂದು ಮಹಿಳಾ ಸಂಘದವರು ಬಸ್ಸು ತುಂಬ ಬಂದಿಳಿದರು.

"ತಾಯಂದಿರೇ, ಎಲ್ಲರೂ ಇತ್ತ ಗಮನ ಕೊಡಿ" ಅಂತ ಆನೆ ಸಾಲು ತೋರಿಸೋಕೆ ಕೈ ಎತ್ತಿದೆ. ಅವರು ಆನೆ ನೋಡಲಿಲ್ಲ, ಕೈ ನೋಡಿದರು.

"ಅಯ್ಯೋ, ಕೈಗೇನಪ್ಪಾ ಬಟ್ಟೆ?"

"ಹಿಟ್ಟು ತೊಳಸೋಕೆ ಹೋಗಿ ಸುಟ್ಕೊಂಡೆ ಕಣವ್ವ" ಅಂದುಬಿಟ್ಟೆ.

ಮುಗೀತು. ಮೊದಲು ಒಂಚೂರು ಹಿಟ್ಟನ್ನ ತಣ್ಣೀರಿಗೆ ಕದಡಿ ಹುಯ್ಯಬೇಕು ಅಂದಳು ಒಬ್ಬಳು. ಹಿಟ್ಟು ಸುರಿದ ಮೇಲೆ ಕೈ ಹಾಕದೆ ಕುದಿಯೋಕೆ ಬಿಡಬೇಕು ಅಂದಳು ಇನ್ನೊಬ್ಬಳು. ಮಗದೊಬ್ಬಳು, "ನಿಂಗೇನ್ ಗೊತ್ತೇ, ಕೆಳಗೆ ಕುಂತು ತೊಳಸಿದ್ರೇನೇ ಹದ" ಅಂತ ಜಗಳಕ್ಕೆ ನಿಂತಳು. ಕೊನೆಗೆ ಅವರಲ್ಲಿ ದಪ್ಪಗಿದ್ದ ದೊಡ್ಡಮ್ಮ ನನ್ನ ಕೊಡೆ ಕಸಿದುಕೊಂಡು, ಸೆರಗು ಸಿಕ್ಕಿಸಿ, ಕಾಲು ಅಗಲಿಸಿ ನಿಂತು, ಇಲ್ಲದ ಪಾತ್ರೆಯಲ್ಲಿ ಇಲ್ಲದ ಹಿಟ್ಟನ್ನ ಹೂಂ ಹೂಂ ಅಂತ ತೊಳಸಿ ತೋರಿಸಿದರು. ಉಳಿದವರು ಸುತ್ತ ನಿಂತು ಹುಮ್ಮಸ್ಸು ಕೊಟ್ಟರು.

ಆಚೆ ಬದಿಯಲ್ಲಿದ್ದ ಫಾರಿನ್ನಿನವರು ಓಡಿಬಂದು ಫೋಟೋ ಹೊಡೆಯತೊಡಗಿದರು. ಇದೇನು ಅಂತ ಅವರ ಗೈಡನ್ನ ಕೇಳಿದರು. ಅವನೂ ನನ್ನ ಜಾತಿಯವನೇ, ಗೊತ್ತಿಲ್ಲ ಅಂತ ಹೇಳಿದರೆ ಬಾಯಿಗೆ ಅವಮಾನ. ಹೊಯ್ಸಳರ ಕಾಲದ ನೃತ್ಯ ಅಂದುಬಿಟ್ಟ.

ಎಮ್ಮೆ ನೋಡಿ ಬರೋದು

ಭಾನುವಾರ ಅವ್ವ ಬಂದಳು. ಚಾಪೆ ಹಾಕಿಸಿಕೊಂಡು ತಟ್ಟೆ ಮುಂದೆ ಕೂತಳು. ನಾನು ಬಾಗಿಲು ಹಾಕಿಕೊಂಡು ಮಂಡ್ಯದ ದೊಡ್ಡಮ್ಮನನ್ನ ನೆನೆದು ಮೈಯೆಲ್ಲ ಬೆವರಾಗುವಂತೆ ತೊಳಸಿದೆ. ಹದ ಬಂತು. ನಿಜವಾಗಲೂ ಬಂತು! ಉಂಡೆ ಕಟ್ಟಿ ತಟ್ಟೆಗೆ ಹಾಕಿದೆ. ಹೆಂಡತಿ ಕಂಬಕ್ಕೊರಗಿ ನಿಂತಿದ್ದಳು.

ಅವ್ವ ಒಂದು ತುತ್ತು ನುಂಗಿದಳು. ಎರಡು ನುಂಗಿದಳು. ಮೂರನೆಯದಕ್ಕೆ ನಿಂತಳು. ಬಾಯಿಂದ ಕಡ್ಲೆಕಾಳಿನಷ್ಟು ಏನನ್ನೋ ತೆಗೆದು ಬೆಳಕಿಗೆ ಹಿಡಿದಳು.

"ಗಂಟು!"

ನನಗೆ ಅಳುವೇ ಬಂತು. ಹೆಂಡತಿ ಮಾತ್ರ ಅಳಲಿಲ್ಲ. ಮೆತ್ತಗೆ ಹೇಳಿದಳು: "ಅತ್ತೆ, ನೀವೇ ಒಂದು ಸಲ ತೊಳಸಿ ತೋರಿಸಿಕೊಟ್ಟುಬಿಡಿ. ನಿಮ್ಮ ಕೈ ನೋಡಿ ಕಲೀತಾರೆ."

"ನಾನಾ? ನನಗೆ ಮಂಡಿನೋವು ಕಣವ್ವ."

"ನಿಂತ್ಕೊಂಡೇ ತೊಳಸಬಹುದು."

"ದೃಷ್ಟಿ ಆಯ್ತದೆ."

"ನಾವು ಆಚೆ ಇರ್ತೀವಿ. ಬಾಗಿಲು ಹಾಕ್ಕೊಳ್ಳಿ ಅತ್ತೆ."

ದಾರಿ ಕಾಣದೆ ಅವ್ವ ಒಳಗೆ ಹೋಗಿ ಅಗಳಿ ಹಾಕಿಕೊಂಡಳು. ಒಳಗೆ ಪಾತ್ರೆ ಧಡಬಡ ಅಂದಿತು. ಗ್ಯಾಸಿನ ಒಲೆಗೆ ಬೈಗುಳ ಬಿತ್ತು, ಕೋಲಿಗೆ ಬಿತ್ತು, ಅಂಗಡಿ ರಾಗಿಗೆ ಬಿತ್ತು. ಕುಣಿಯಲಾರದವಳಿಗೆ ನೆಲ ಡೊಂಕು ಅಂತಾರಲ್ಲ ಅಂತ ನನ್ನ ಮನಸ್ಸಿಗೆ ಬಂದರೂ ಹೆತ್ತವ್ವ ಅಂತ ನುಂಗಿಕೊಂಡೆ. ಆಮೇಲೆ ಬಾಗಿಲು ಚೂರೇ ಚೂರು ತೆರೆಯಿತು.

"ಏನ್ಲಾ, ನೀನೊಬ್ಬನೇ ಬಾ ಇಲ್ಲಿ."

ಒಳಗೆ ಹೋಗಿ ನೋಡಿದರೆ ಪಾತ್ರೆಯಲ್ಲಿ ಹಿಟ್ಟೇ ಇಲ್ಲ, ಬರೀ ಗಂಟು! ನನ್ನದರಲ್ಲಿದ್ದದ್ದು ಕಡ್ಲೆಕಾಳು, ಅವ್ವನದರಲ್ಲಿ ನಿಂಬೆಹಣ್ಣು. ಅವಳು ಸೆರಗಲ್ಲಿ ಮುಖ ಒರೆಸಿಕೊಂಡು ಪಿಸುಗುಟ್ಟಿದಳು:

"ನಂಗೆ ಬರಲ್ಲ ಕಣ್ಲಾ. ಎಂದೂ ಬಂದಿಲ್ಲ. ನಿಮ್ಮಪ್ಪನೇ ತೊಳಸೋರು."

"ಅಪ್ಪನಾ? ಅವರು ಊಟಕ್ಕೆ ಮುಂಚೆ ಹಿತ್ತಲಲ್ಲಿ ಎಮ್ಮೆ ನೋಡ್ತಿದ್ರಲ್ಲವ್ವ!"

"ಎಮ್ಮೇಲಿ ಏನೈತ್ಲಾ ದಿನಾ ನೋಡೋಕೆ? ಹಿತ್ತಲ ಬಾಗಿಲಿಂದ ಅಡುಗೆಮನೆಗೆ ಬರೋರು. ತೊಳಸಿಕೊಟ್ಟು, ಮೀಸೆ ಒರೆಸ್ಕಂಡು, ಓಣಿ ಸುತ್ತಿ ಮುಂಬಾಗಿಲಿಂದ ಊಟಕ್ಕೆ ಬರೋರು. ನಾನು ಉಂಡೆ ಕಟ್ತಿದ್ದೆ ಅಷ್ಟೆ. ಅಗಳಿ ಹಾಕ್ತಿದ್ದಿದ್ದು ದೃಷ್ಟಿಗಲ್ಲ, ಅವರ ಮೀಸೆಗೆ."

ಹಿಂದೆ ಬಳೆ ಸದ್ದಾಯಿತು. ಹೆಂಡತಿ ಬಾಗಿಲಲ್ಲಿ ನಿಂತಿದ್ದಳು, ತುಟಿ ಕಚ್ಚಿಕೊಂಡು.

"ಅಂದ್ರೆ ಅತ್ತೆ, ಗಂಡಸರೇ ಹಿಟ್ಟು ತೊಳಸೋದು ಈ ಮನೆತನದ ಪದ್ಧತಿ! ನಾನೇ ಇಷ್ಟು ವರ್ಷ ಗೊತ್ತಿಲ್ಲದೆ ಪದ್ಧತಿ ಮುರಿದುಬಿಟ್ಟೆ."

ಅವ್ವ ಗಾಬರಿಯಾಗಿ ಅವಳ ಕೈ ಹಿಡಿದುಕೊಂಡಳು. "ಹೋಗವ್ವ, ನಾಳೆಯಿಂದ್ಲೇ ಬಾಣಾವರಕ್ಕೆ ಹೋಗು, ದೊಡ್ಡ ಮೇಡಮ್ಮೇ ಆಗು. ಇವನೇ ತೊಳಸ್ಲಿ, ಗಂಟಿದ್ರೂ ನುಂಗ್ತೀನಿ. ಆದ್ರೆ ಮೆಲ್ಲಗೆ ಮಾತಾಡೇ, ಪಕ್ಕದ ಮನೇವ್ರಿಗೆ ಕೇಳಿಸ್ತದೆ!"

ಗೋಡೆಯಾಚೆಯಿಂದ ದನಿ ಬಂತು: "ನಮಗೇನೂ ಕೇಳಿಸ್ಲಿಲ್ಲ ಕಣಜ್ಜೀ!"