ಡಾಕ್ಟರಮ್ಮ ಮೇಲೆ ಹೋದಾಗ

ಒಂದೇ ಬಾಗಿಲಿಗೆ ಎರಡು ಹೆಸರಿನ ಬೋರ್ಡು ತಗುಲಿಸಿಕೊಂಡು ಬದುಕುವವರಿಗೆಲ್ಲ ಒಂದು ಭಯ ಇದ್ದೇ ಇರುತ್ತದೆ. ಪಕ್ಕದ ಹೆಸರು ದೊಡ್ಡದಾಗಿಬಿಟ್ಟರೆ ಏನು ಗತಿ? ವಕೀಲರ ಜೊತೆಗಾರ ಜಡ್ಜ್ ಆಗಬಹುದು, ಮೇಷ್ಟ್ರ ಜೊತೆಗಾರ ಶಾಸಕನಾಗಬಹುದು. ಅವೆಲ್ಲ ತಡೆದುಕೊಳ್ಳುವಂಥವೇ. ನನ್ನ ಜೊತೆಗಾತಿ ಗಗನಯಾತ್ರಿಯಾದಳು. ಇದಕ್ಕೆ ಸಮಾಧಾನ ಹೇಳಿ ಅಭ್ಯಾಸವಿರುವವರು ಅರಸೀಕೆರೆಯಲ್ಲಿ ಯಾರೂ ಇಲ್ಲ.

ವಸುಧಾ ಮಾದಿಹಳ್ಳಿಯವಳು. ನಾವಿಬ್ಬರೂ ಒಟ್ಟಿಗೆ ಎಂಬಿಬಿಎಸ್ ಓದಿ, ರೈಲ್ವೆ ಸ್ಟೇಷನ್ ರಸ್ತೆಯಲ್ಲಿ ಒಂದೇ ಕ್ಲಿನಿಕ್ ಇಟ್ಟುಕೊಂಡು ಹತ್ತು ವರ್ಷ ನಡೆಸಿದೆವು. ಅವಳ ಕೋಣೆಯ ಮುಂದೆ ದೊಡ್ಡ ಕ್ಯೂ ಇರುತ್ತಿತ್ತು. ಆ ಕ್ಯೂನಲ್ಲಿ ನಿಂತು ನಿಂತು ಕಾಲುನೋವು ಬಂದವರು ನನ್ನ ಕೋಣೆಗೆ ಬರುತ್ತಿದ್ದರು. ಹೀಗೆ ಸುಖವಾಗಿದ್ದಾಗ ಅವಳು ವಿಮಾನ ಹಾರಿಸುವವರ ದೇಹಸ್ಥಿತಿಯ ಬಗ್ಗೆ ಎಂಥದೋ ಕೋರ್ಸ್ ಓದಲು ಬೆಂಗಳೂರಿಗೆ ಹೋದಳು. ಭಾನುವಾರ ಮಾತ್ರ ಬಂದು ಹಳೆಯ ರೋಗಿಗಳನ್ನು ನೋಡುತ್ತಿದ್ದಳು. ಅಂಥದೊಂದು ಭಾನುವಾರ ಒಂದು ಅರ್ಜಿ ತಂದು, "ಬಾಹ್ಯಾಕಾಶಕ್ಕೆ ಡಾಕ್ಟ್ರನ್ನ ಕರೆದಿದ್ದಾರೆ ಕಣೋ. ನನ್ನ ಗುಣ ನಡತೆ ಬಗ್ಗೆ ಒಂದು ಪತ್ರ ಬರ್ಕೊಡು" ಅಂದಳು. ಹೇಗೂ ಸಿಗುವುದಿಲ್ಲ ಅಂತ ನಾನು ಧಾರಾಳವಾಗಿ ಹೊಗಳಿ ಬರೆದೆ. ಜೀವನದಲ್ಲಿ ನಾನು ಬರೆದದ್ದನ್ನು ಯಾರಾದರೂ ಪೂರ್ತಿ ನಂಬಿದ್ದು ಅದೊಂದೇ ಸಲ.

ನಾಲ್ಕು ವರ್ಷ ತರಬೇತಿ. ಕುರ್ಚಿಗೆ ಕಟ್ಟಿ ಗಿರಗಿರ ತಿರುಗಿಸುತ್ತಾರಂತೆ, ನೀರಿನೊಳಗೆ ಮುಳುಗಿಸಿ ನಟ್ಟು ಬೋಲ್ಟು ಬಿಗಿಸಲು ಹೇಳುತ್ತಾರಂತೆ. ಫೋನಿನಲ್ಲಿ ಇದನ್ನು ಕೇಳಿಯೇ ನನಗೆ ತಲೆಸುತ್ತು ಬಂತು. ಬೇಲೂರು ಬಸ್ಸು ಹತ್ತಿ ಹಳೇಬೀಡು ಮುಟ್ಟುವಷ್ಟರಲ್ಲಿ ಎರಡು ಸಲ ಕಿಟಕಿಯಿಂದ ತಲೆ ಹೊರಹಾಕುವವನು ನಾನು.

ಕೊನೆಗೆ ಆರು ತಿಂಗಳ ಮಟ್ಟಿಗೆ ಬಾಹ್ಯಾಕಾಶ ನಿಲ್ದಾಣಕ್ಕೆ ಹೊರಟೇಬಿಟ್ಟಳು. ಕೇಳಿದವರಿಗೆಲ್ಲ ನಮ್ಮ ನರ್ಸ್ ಜಯಮ್ಮ, "ಡಾಕ್ಟರಮ್ಮ ಮೇಲೆ ಹೋದ್ರು" ಅಂತ ಚುಟುಕಾಗಿ ಹೇಳತೊಡಗಿದಳು. ಮೂರನೆಯ ದಿನ ಹಾರನಹಳ್ಳಿಯಿಂದ ಒಂದು ಟೆಂಪೋ ತುಂಬ ಜನ ಸೇವಂತಿಗೆ ಹಾರ ಹಿಡಿದು ಬಂದಿಳಿದರು. ನಿಜ ಸಂಗತಿ ತಿಳಿಸಿದ ಮೇಲೆ ಅವರಿಗೆ ಆದ ಸಂತೋಷದಲ್ಲಿ ಸ್ವಲ್ಪ ಬೇಸರವೂ ಇದ್ದಂತೆ ಕಂಡಿತು. ಹಾರ ವಾಪಸು ಒಯ್ಯುವುದು ಶುಭವಲ್ಲವೆಂದು ನನಗೇ ಹಾಕಿ ಹೋದರು.

ನಿಜವಾದ ಕಷ್ಟ ತಂದವರು ಕಣಕಟ್ಟೆಯ ಸಿದ್ದಮ್ಮಜ್ಜಿ. ಸಕ್ಕರೆ ಕಾಯಿಲೆ, ತೋಟದಲ್ಲಿ ತೆಂಗಿನ ಗರಿ ಚುಚ್ಚಿ ಕಾಲಿನ ಹೆಬ್ಬೆರಳು ಹುಣ್ಣಾಗಿತ್ತು. ನಾನು ನೋಡುವ ಹೊತ್ತಿಗೆ ಬೆರಳು ಕಪ್ಪಾಗುತ್ತಿತ್ತು. "ಇವತ್ತೇ ಹಾಸನಕ್ಕೆ ಹೋಗಬೇಕು ಅಜ್ಜಿ, ಬೆರಳು ತೆಗೆಯದಿದ್ದರೆ ಕಾಲೇ ಹೋಗುತ್ತೆ" ಅಂದೆ.

"ಡಾಕ್ಟ್ರಮ್ಮ ಬರ್ಲಿ, ಅವ್ರು ಹೇಳುದ್ರೆ ಹೋಯ್ತೀನಿ."

"ಅವರು ಬರೋದಕ್ಕೆ ಇನ್ನೂ ನಾಲ್ಕು ತಿಂಗಳಿದೆ!"

"ಕಾಯ್ತೀನಿ ಬುಡಿ. ನಿಮ್ ಮ್ಯಾಲೆ ನಂಗೇನೂ ಸಿಟ್ಟಿಲ್ಲ. ನೀವು ಜ್ವರಕ್ಕೆ ಪರ್ವಾಗಿಲ್ಲ."

ಅಜ್ಜಿಯ ಮಗ, ಸೊಸೆ, ಜಯಮ್ಮ ಎಲ್ಲರೂ ಹೇಳಿ ಸೋತರು. ನನಗೆ ಅವಮಾನಕ್ಕಿಂತ ಹೆಚ್ಚಾಗಿ ಹೆದರಿಕೆಯಾಯಿತು. ವಸುಧಾಳ ಗಂಡನಿಗೆ ಫೋನ್ ಮಾಡಿದೆ. ಅವಳು ಅಲ್ಲಿಂದ ಮನೆಗೆ ಮಾತಾಡುವ ಅವಕಾಶವಿದೆಯೆಂದೂ, ಅಜ್ಜಿಯ ವಿಷಯ ಮುಟ್ಟಿಸುತ್ತೇನೆಂದೂ ಅವರು ಹೇಳಿದರು. ಮಾರನೆಯ ಬೆಳಿಗ್ಗೆ ಅಜ್ಜಿಯನ್ನು ಎದುರಿಗೆ ಕೂರಿಸಿಕೊಂಡು ಕಾದೆ. ಹತ್ತು ಗಂಟೆಗೆ ವಿಚಿತ್ರವಾದೊಂದು ನಂಬರಿನಿಂದ ಕರೆ ಬಂತು. ಎತ್ತಿದರೆ ಬರೀ ಗೊರಗೊರ. "ನಂಗೆ ಸೈಟು ಬೇಡ ಕಣ್ರೀ" ಅಂತ ರೇಗಿ ಕತ್ತರಿಸಿದೆ. ಭೂಮಿಯ ಮೇಲಿನ ಸೈಟುಗಳನ್ನೆಲ್ಲ ಒಟ್ಟಿಗೆ ನೋಡುತ್ತಿದ್ದವಳಿಗೆ ಈ ಮಾತು ಹೇಳಿದೆನೆಂದು ತಿಳಿದದ್ದು ಅವಳು ಮತ್ತೆ ಕರೆ ಮಾಡಿದಾಗ.

"ಇಡಬೇಡ ಕಣೋ ಪೆದ್ದ! ಏಳೆಂಟು ನಿಮಿಷ ಸಿಗುತ್ತೆ ಅಷ್ಟೆ. ಅಜ್ಜಿಗೆ ಕೊಡು."

ಸ್ಪೀಕರ್ ಹಾಕಿ ಕೊಟ್ಟೆ. ಅಜ್ಜಿ ಫೋನನ್ನು ಎರಡೂ ಕೈಯಲ್ಲಿ ಹಿಡಿದರು. "ಉಂಡ್ರಾ ಡಾಕ್ಟ್ರವ್ವಾ? ಅಲ್ಲಿ ಚಳಿ ಐತಾ? ಮಳೆ ಬತ್ತದಾ?" ನಾನು ಗಡಿಯಾರ ನೋಡುತ್ತ ಬೆವರುತ್ತಿದ್ದೆ. ವಸುಧಾ ಎಲ್ಲಕ್ಕೂ ಉತ್ತರ ಕೊಟ್ಟಳು, ಮಳೆಗೂ ಕೊಟ್ಟಳು. ಆಮೇಲೆ ಅವಳ ದನಿ ಗಟ್ಟಿಯಾಯಿತು. "ಅಜ್ಜಿ, ನಾನು ಬಂದಾಗ ನೀವು ನಡ್ಕೊಂಡು ನನ್ನ ನೋಡಕ್ಕೆ ಬರಬೇಕು. ನಿಮ್ಮೆದುರು ಕೂತಿರೋ ಡಾಕ್ಟ್ರು ನಂಗಿಂತ ಚೆನ್ನಾಗಿ ಓದಿದವರು. ಅವರು ಹೇಳಿದ ಹಾಗೆ ಇವತ್ತೇ ಹಾಸನಕ್ಕೆ ಹೋಗಿ."

ಅಜ್ಜಿ ಚಾವಣಿ ನೋಡಿ ಸೆರಗು ತಲೆಗೆ ಎಳೆದುಕೊಂಡು, "ಹೋಯ್ತೀನಿ ಕಣವ್ವ" ಅಂದರು. ಸಂಪರ್ಕ ತುಂಡಾಯಿತು. ಅಂದು ಸಂಜೆ ಹಾಸನದಲ್ಲಿ ಬೆರಳು ತೆಗೆದರು, ಕಾಲು ಉಳಿಯಿತು. ಅವಳು ನನಗಿಂತ ಚೆನ್ನಾಗಿ ಓದಿದ್ದಳೆಂಬುದನ್ನು ನಾನು ಈವರೆಗೆ ಯಾರಿಗೂ ಹೇಳಿಲ್ಲ.

ವಸುಧಾ ಕ್ಷೇಮವಾಗಿ ಇಳಿದು ವರ್ಷವಾಯಿತು. ಈಗ ಬೆಂಗಳೂರಿನಲ್ಲಿ ಮುಂದೆ ಹೋಗುವವರನ್ನು ತಯಾರು ಮಾಡುತ್ತಿದ್ದಾಳೆ. ಆದರೆ ಮಾತು ಕೇಳದ ರೋಗಿಗಳಿಗೆ ನಾನು ಇಂದಿಗೂ ಬೆರಳು ಎತ್ತಿ ತೋರಿಸಿ, "ಮೇಲಿಂದ ಹೇಳಿದ್ದಾರೆ" ಅನ್ನುತ್ತೇನೆ. ಮೇಲೆ ಎಂದರೆ ಎಲ್ಲಿ ಎಂದು ಬಿಡಿಸಿ ಹೇಳುವುದಿಲ್ಲ.

ಕಳೆದ ವಾರ ಮಾದಿಹಳ್ಳಿಗೆ ಹೊರಟಿದ್ದ ವಸುಧಾ ದಾರಿಯಲ್ಲಿ ಕ್ಲಿನಿಕ್ಕಿಗೆ ಬಂದಳು. ಆಗ ಒಳಗಿದ್ದ ಶಿವಣ್ಣ ಎಂಬ ರೋಗಿ, ಮೇಲಿನ ಅಪ್ಪಣೆಯಾದರೆ ಬೀಡಿ ಬಿಡುತ್ತೇನೆಂದು ಒಪ್ಪುತ್ತಿದ್ದ. ನಾನು ಎದ್ದೋಡಿ ಹಿಂಬಾಗಿಲಿನಿಂದ ಅವಳನ್ನು ಕರೆತಂದು, "ದಮ್ಮಯ್ಯ, ಉಸಿರೆತ್ತಬೇಡ" ಎಂದು ಪರದೆಯ ಹಿಂದೆ ನಿಲ್ಲಿಸಿದೆ. ದೇಶ ಹೂಮಾಲೆ ಹಾಕಿದ ಗಗನಯಾತ್ರಿ ಗ್ಲೂಕೋಸ್ ಸ್ಟ್ಯಾಂಡಿನ ಪಕ್ಕದಲ್ಲಿ ಇಪ್ಪತ್ತು ನಿಮಿಷ ನಿಂತಳು. ಶಿವಣ್ಣ ಬೀಡಿ ಕಟ್ಟನ್ನು ಮೇಜಿನ ಮೇಲಿಟ್ಟು, ಚಾವಣಿಗೆ ಕೈಮುಗಿದು ಹೋದ.

ಹೊರಗೆ ಬಂದವಳು ಬಯ್ಯಲಿಲ್ಲ. ನನ್ನ ಹೊಟ್ಟೆಯನ್ನೂ, ಮೇಜಿನ ಮೇಲಿದ್ದ ಕೋಡುಬಳೆಯನ್ನೂ ನೋಡಿದಳು. ತೋಳಿಗೆ ಪಟ್ಟಿ ಸುತ್ತಿ ಬಿಪಿ ನೋಡಿದಳು. "ಎಷ್ಟು ದಿನ ಆಯ್ತು ನಿನ್ನನ್ನ ನೀನು ನೋಡ್ಕೊಂಡು?" ಅಂದಳು. ನಾನು ಲೆಕ್ಕ ಹಾಕುತ್ತಿದ್ದಾಗಲೇ ನನ್ನದೇ ಚೀಟಿಯ ಮೇಲೆ ಮೂರು ಮಾತ್ರೆ ಬರೆದು ಕೈಗಿತ್ತಳು.

ಚೀಟಿ ಹಿಡಿದು ಪಕ್ಕದ ಮೆಡಿಕಲ್ ಸ್ಟೋರಿಗೆ ಹೋದೆ. ಹದಿನೈದು ವರ್ಷದಿಂದ ನನ್ನ ಚೀಟಿಗಳಿಗೆ ಔಷಧಿ ಕೊಡುತ್ತಿರುವ ಮಂಜುನಾಥ ಅದನ್ನು ಬೆಳಕಿಗೆ ಹಿಡಿದ, ತಿರುಗಿಸಿದ, ನನ್ನನ್ನೇ ಅನುಮಾನದಿಂದ ನೋಡಿದ.

"ಇದು ನೀವು ಬರೆದಿದ್ದಲ್ಲ ಅಲ್ವಾ ಸಾರ್?" ಅಂದ. "ಓದಕ್ಕೆ ಬರ್ತಾ ಇದೆ."