ಗುಡುಗನೆಂಬ ಟಗರಿನ ತುಲಾರೋಹಣ

ಬೆಲ್ಲ ಬೆರೆಸಿದ ಹುರುಳಿಯ ಹಬೆಯಲ್ಲಿ ವಿಹರಿಸುವ ವಾಗ್ದೇವಿಯೇ, ನನ್ನ ನಾಲಗೆಗೆ ಬಾ! ಮೇವಿನ ಬೆಲೆ ಮುಗಿಲು ಮುಟ್ಟಿದ್ದ ಆ ಘೋರಯುಗದಲ್ಲಿ, ಕುಷ್ಟಗಿ ಸೀಮೆಯ ಹಟ್ಟಿಯೊಂದರಲ್ಲಿ, ತ್ರಿಕಾಲಹುರುಳಿಪಾಚಕನೂ ಮೇಷಕುಲಪೋಷಕನೂ ಆದ ಯಮನೂರಪ್ಪನೆಂಬ ವೀರನಿದ್ದನು. ಕೊಬ್ಬಿಸಿ ಮಾರಲೆಂದು ತಂದಿದ್ದ, ವಕ್ರಶೃಂಗವಿರಾಜಿತನಾದ ಗುಡುಗನೆಂಬ ಟಗರೇ ಅವನ ಪಂಚಪ್ರಾಣವಾಗಿತ್ತು.

ಕೊಂಡ ಬೆಲೆ, ಮೇವಿನ ಬೆಲೆ, ಸಂತೆಯ ದರ ಮೂರನ್ನೂ ಬೆರಳ ತುದಿಯಲ್ಲಿ ಆಡಿಸಬಲ್ಲ ಅವನ ಧರ್ಮಪತ್ನಿ ಹುಲಿಗೆವ್ವ ಒಂದು ಮುಂಜಾನೆ ಸಮರಘೋಷ ಮಾಡಿದಳು. “ತಿಂಗಳಾತು, ಚೀಲಗಟ್ಲೆ ಹುಳ್ಳಿ ಹೋತು, ಇದರ ಮೈ ಇದ್ದಲ್ಲೇ ಐತಿ. ಇವತ್ತ ತೂಗೂಣು. ಐದ್ ಕಿಲೋ ಏರಿದ್ರ ಬಕ್ರೀದ್ ತನಕ ಇರ್ಲಿ. ಇಲ್ಲಾಂದ್ರ ನಾಳೆ ಸಂತಿಗೆ!”

ವೀರನ ಎದೆ ಧಸಕ್ಕೆಂದಿತು. ಆದರೂ ಮೀಸೆ ತಿರುವಿ ಗರ್ಜಿಸಿದನು: “ಏನಂದಿ? ಈ ಕೈಲೇ ಉಣಿಸೀನಿ! ಐದಲ್ಲ, ಆರು ಏರದಿದ್ರ ನನ್ನ ಹೆಸರು ಯಮನೂರಪ್ಪ ಅಲ್ಲ!”

ರಣರಂಗವು ಗೊಬ್ಬರದಂಗಡಿಯ ತೂಕದ ಯಂತ್ರ. ಟಗರು ಒಂಟಿಯಾಗಿ ಅದರ ಮೇಲೆ ನಿಲ್ಲುವುದುಂಟೇ? ಹೋದ ತಿಂಗಳಂತೆಯೇ ಅದನ್ನು ಅಪ್ಪಿಕೊಂಡು ತಾನೇ ಹತ್ತಬೇಕು. ಗುಡುಗ ಒದ್ದ, ಹಾಯ್ದ, ರುಮಾಲು ಕೆಡವಿದ. ಸ್ವೇದಬಿಂದುಶೋಭಿತನಾದ ವೀರನು ಮೂರನೆಯ ಯತ್ನಕ್ಕೆ ಅದನ್ನು ಎತ್ತಿಕೊಂಡು ನಿಂತೇಬಿಟ್ಟನು. ನೂರಾ ಹತ್ತು! ಹೋದ ಸಲ ನೂರಾ ನಾಲ್ಕು.

“ಆರು ಕಿಲೋ!” ಎಂದು ಕುಣಿದಾಡಿದನು.

“ಚಲೋ ಆತು,” ಎಂದಳು ಹುಲಿಗೆವ್ವ. “ಈಗ ಟಗರು ಇಳಿಸಿ ನೀವಷ್ಟ ನಿಂದರ್ರಿ.”

“ನಾ ಯಾಕ? ನಂದು ಅರವತ್ತೆರಡು. ಹ್ವಾದ ಸಲನ ತೂಗೇವಲ್ಲ!”

“ನಿಂದರ್ರಿ ಅಂದೆ.”

ನಿಂತನು. ಅರವತ್ತೆಂಟು.

ಅಷ್ಟದಿಕ್ಕುಗಳೂ ಸ್ತಬ್ಧವಾದವು. ಗುಡುಗ ಹೋದ ತಿಂಗಳಿನಂತೆಯೇ ನಲವತ್ತೆರಡರಲ್ಲೇ ಇದ್ದ. ಏರಿದ ಆರೂ ಕಿಲೋ ವೀರನದೇ! ಟಗರಿಗೊಂದು ಹಿಡಿ, ತನಗೆರಡು ಹಿಡಿ ಎಂದು ಬೆಲ್ಲದ ಹುರುಳಿ ಮುಕ್ಕಿದ ಆ ಮಧುರ ಮಧ್ಯಾಹ್ನಗಳೆಲ್ಲ ಅವನ ಕಣ್ಮುಂದೆ ಸುಳಿದವು. ನಾಚಿಕೆಯಾಯಿತು, ನಾಳೆಯ ಸಂತೆ ನೆನೆದು ಗುಡುಗನ ಕೊರಳು ತಬ್ಬಿಕೊಂಡನು.

“ಹುಲಿಗಿ, ತಪ್ಪು ನಂದು. ಅದಕ್ಯಾಕ ಶಿಕ್ಷಾ?”

ಹುಲಿಗೆವ್ವ ನಗು ತಡೆಯಲಾರದೆ ಸೆರಗನ್ನು ಬಾಯಿಗೆ ಒತ್ತಿಕೊಂಡಳು. “ಪಾಪ, ಅದರ ಬಾಯಿಗೇ ಬಿದ್ದಿಲ್ಲ, ಕೊಬ್ಬೂದರ ಹೆಂಗ? ಬಕ್ರೀದ್ ತನಕ ಇರ್ಲಿ. ಇನ್ನ ಉಣಿಸಾಕಿ ನಾನು. ನೀವು ಆ ಹುಳ್ಳಿ ಗಡಗಿ ಹತ್ರ ಸುಳೀಬ್ಯಾಡ್ರಿ!”

ಹೀಗೆ ಮಿತ್ರನನ್ನು ಸಂತೆಯಿಂದ ಪಾರುಮಾಡಿದ ಮಹಾವೀರನು ಅಂದು ಸಂಜೆ ಪಡಸಾಲೆಯಲ್ಲಿ ಒಣರೊಟ್ಟಿ ಮುರಿಯುತ್ತ ಕುಳಿತಿದ್ದನು. ಕೊಟ್ಟಿಗೆಯಿಂದ ಗುಡುಗ ಹುರುಳಿ ನೆಕ್ಕುವ ಸದ್ದು ಕೇಳಿಬರುತ್ತಿತ್ತು.

“ಒಂದ ಹಿಡಿ…” ಎಂದನು.

“ಇಲ್ಲ,” ಎಂದಳು.